ಡಿಸೆಂಬರ್ ಮಳೆ, ಅಂಗಳ ತುಂಬ ಅಡಿಕೆ

ನಮ್ಮ ಮನೆ ದಕ್ಷಿಣ ಕನ್ನಡದ ವಿಟ್ಲದಿಂದ ಸ್ವಲ್ಪ ಒಳಗೆ. ಇಲ್ಲಿಂದ ಸಮುದ್ರ ಕಾಣುವುದಿಲ್ಲ, ಆದರೆ ಸಮುದ್ರದಲ್ಲಿ ಏನಾದರೂ ಆದರೆ ನಮ್ಮ ಅಂಗಳಕ್ಕೆ ಗೊತ್ತಾಗುತ್ತದೆ. ನವೆಂಬರ್‌ನಿಂದ ಏಪ್ರಿಲ್ ತನಕ ಆ ಅಂಗಳದಲ್ಲಿ ಮಕ್ಕಳಿಗೆ ಆಡಲು ಜಾಗವಿಲ್ಲ. ಗೋಡೆಯಿಂದ ಗೋಡೆಗೆ ಅಡಿಕೆ.

ಚಾಲಿ, ಅಂದರೆ ಹಣ್ಣಾದ ಮೇಲೆ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ, ಮಾಡುವವರಿಗೆ ಇದು ಹೊಸ ವಿಷಯವಲ್ಲ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಹರಡಿದರೆ 40–45 ದಿನದ ಬಿಸಿಲು ಬೇಕು. ಜೂನ್‌ನಲ್ಲಿ ಎಷ್ಟು ಮಳೆ ಸುರಿದರೂ ನಾವು ತಲೆ ಎತ್ತಿ ನೋಡುವುದಿಲ್ಲ. ಡಿಸೆಂಬರ್‌ನಲ್ಲಿ ಹೆಂಚಿನ ಮೇಲೆ ನಾಲ್ಕು ಹನಿ ಸದ್ದಾದರೆ ಮನೆಯವರೆಲ್ಲ ಹಾಸಿಗೆಯಿಂದ ಏಳುತ್ತೇವೆ. ಅಂಥ ಮಳೆಯನ್ನು ಎದುರಿಸುವುದನ್ನು ನಾನು ಹೇಗೆ ಕಲಿತೆ, ಎಲ್ಲಿ ತಪ್ಪಿದೆ ಅಂತ ಬರೆಯುತ್ತೇನೆ. ಮೊದಲು ತಪ್ಪಿದ್ದು.

2021ರ ಜನವರಿ ಮೊದಲ ವಾರ. ಆ ವರ್ಷ ಕರಾವಳಿ, ಮಲೆನಾಡು ಎರಡೂ ಕಡೆ ಅಕಾಲಿಕ ಮಳೆ ಸುರಿದಿತ್ತು, ಘಟ್ಟದ ಮೇಲೆ ಕಾಫಿಯವರೂ ಒದ್ದಾಡಿದ್ದರು. ಮೋಡ ಇದೆ, ಮಳೆ ಬರಬಹುದು ಅಂತ ನನಗೂ ಗೊತ್ತಿತ್ತು. ಹೊಸ ಟರ್ಪಾಲು ತಂದಿದ್ದೆ. ಸಂಜೆ ಅಡಿಕೆಯನ್ನೆಲ್ಲ ಎಳೆದು ಒಂದೇ ರಾಶಿ ಮಾಡಿ, ಮೇಲಿಂದ ಹೊದಿಸಿ, ಅಂಚಿಗೆ ಕಲ್ಲಿಟ್ಟು, ಊಟ ಮಾಡಿ ಮಲಗಿದೆ. ರಾತ್ರಿ ಒಂದೂವರೆಗೆ ಮಳೆ ಬಂತು. ಟಾರ್ಚ್ ಹಿಡಿದು ಹೋದರೆ ಟರ್ಪಾಲಿನ ಮೇಲೆ ಏನೂ ತೊಂದರೆ ಇಲ್ಲ. ನೀರು ಬಂದದ್ದು ಕೆಳಗಿನಿಂದ. ದನದ ಹಟ್ಟಿಯ ಮಾಡಿನಿಂದ ಇಳಿದ ನೀರು ಅಂಗಳದ ಇಳಿಜಾರು ಹಿಡಿದು ನೇರ ರಾಶಿಯ ಬುಡಕ್ಕೆ ನುಗ್ಗಿತ್ತು. ಟರ್ಪಾಲಿನ ಅಂಚು ಒಂದು ಕಡೆ ಉಬ್ಬಿತು, ಕಲ್ಲು ಸರಿಯಿತು, ಅದರಡಿಯಿಂದ ಅಡಿಕೆ ಒಂದೊಂದಾಗಿ ಹೊರಗೆ ಬಂದು ತೇಲಿಕೊಂಡು ಚರಂಡಿ ಕಡೆ ಹೊರಟವು. ಅರ್ಧ ಒಣಗಿದ ಅಡಿಕೆ ಎಷ್ಟು ಚೆಂದ ತೇಲುತ್ತದೆ ಅಂತ ನಾನು ನೋಡಿದ್ದು ಆವತ್ತೇ. ಹೆಂಡತಿ ಚರಂಡಿಯ ಬಾಯಿಗೆ ಬುಟ್ಟಿ ಅಡ್ಡ ಹಿಡಿದು ಕೂತಿದ್ದಳು, ಮೀನು ಹಿಡಿಯುವವರ ಹಾಗೆ.

ತೇಲಿ ಹೋದದ್ದು ಜಾಸ್ತಿ ಏನಿಲ್ಲ. ನಿಜವಾದ ನಷ್ಟ ಗೊತ್ತಾದದ್ದು ಜೂನ್‌ನಲ್ಲಿ, ಸುಲಿದ ಮೇಲೆ. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಅಡಿಕೆ ಒಡೆದರೆ ನಡುವೆ ಕಪ್ಪು. ವ್ಯಾಪಾರಿ ಕತ್ತರಿಯಲ್ಲಿ ಐದಾರು ಕತ್ತರಿಸಿ, ಮಾತಾಡದೆ ಒಂದಷ್ಟು ಗೋಣಿಗಳನ್ನು ಕರಿಗೋಟಿನ, ಅಂದರೆ ಕಡಿಮೆ ದರ್ಜೆಯ ಕಪ್ಪು ಅಡಿಕೆಯ, ಪಕ್ಕಕ್ಕೆ ತಳ್ಳಿದರು.

ಆಮೇಲೆ ಕೂತು ಯೋಚನೆ ಮಾಡಿದಾಗ ಅನಿಸಿದ್ದು, ನಾನು ಸೋತದ್ದು ಆ ರಾತ್ರಿಯಲ್ಲ. ನಾಲ್ಕು ದಿನ ಮೊದಲು. ಮೋಡದ ಸೂಚನೆ ಇದ್ದಾಗಲೇ ಇನ್ನೊಂದು ಕೊಯ್ಲು ಮಾಡಿಸಿ, ಅಂಗಳದಲ್ಲಿ ಹಿಡಿಸಲಾರದಷ್ಟು ತುಂಬಿದ್ದೆ. ಜಾಗ ಇಲ್ಲದ್ದಕ್ಕೆ ಹೊಸದು ಹಳೆಯದು ಎಲ್ಲ ಒಂದೇ ರಾಶಿಯಾಯಿತು. ಹಸಿ ಹಣ್ಣಿನ ಕಾವು, ಒಣಗಿದ್ದಕ್ಕೆ ನೀರು. ಎರಡೂ ಕೆಟ್ಟವು.

ಹಾಗಾಗಿ ಈಗ ನಾನು ಮುನ್ಸೂಚನೆ ನೋಡುವುದು ಟರ್ಪಾಲು ಹಾಕಲಿಕ್ಕಲ್ಲ. ಕೊಯ್ಲು ಮಾಡಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಲಿಕ್ಕೆ. ಟರ್ಪಾಲು ಹಾಕಲು ಅರ್ಧ ಗಂಟೆ ಸಾಕು. ಕೊಯ್ಲು ನಿಲ್ಲಿಸಲು ಮೂರ್ನಾಲ್ಕು ದಿನ ಮೊದಲೇ ಗೊತ್ತಾಗಬೇಕು.

ನೋಡುವ ಕ್ರಮದಲ್ಲೂ ಒಂದೆರಡು ವಿಷಯ ತಡವಾಗಿ ತಲೆಗೆ ಹೋಯಿತು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣ ನೋಡಿ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ ಅಲ್ವಾ? ಬಣ್ಣ ಇಲ್ಲದಿದ್ದರೆ ಹೆದರಿಕೆ ಇಲ್ಲ ಅಂತ. ಅವರ ಲೆಕ್ಕದಲ್ಲಿ ಭಾರಿ ಮಳೆ ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗಿಂತ ಮೇಲೆ. 2.5ರಿಂದ 15.5ರ ತನಕ ಬಂದರೆ ಅದು 'ಹಗುರ ಮಳೆ'. ಅಡಿಕೆ ಹಾಳಾಗಲು ಆ ಹಗುರ ಮಳೆಯೇ ಧಾರಾಳ. ಬಣ್ಣದ ಎಚ್ಚರಿಕೆ ಇರುವುದು ನೆರೆಗೆ, ಗುಡ್ಡ ಜರಿಯುವುದಕ್ಕೆ, ಶಾಲೆಗೆ ರಜೆ ಕೊಡುವುದಕ್ಕೆ. ನಮ್ಮ ಅಂಗಳಕ್ಕಲ್ಲ. ಅದು ಅವರ ತಪ್ಪೂ ಅಲ್ಲ.

ಇನ್ನೊಂದು, 'ಒಂದೆರಡು ಕಡೆ ಮಳೆ' ಎನ್ನುವ ಮಾತು. ಸುಮ್ನೆ ಜಾರಿಕೊಳ್ಳಲು ಹೇಳುತ್ತಾರೆ ಅಂತ ನಾನೂ ನಗುತ್ತಿದ್ದೆ. ಅದಕ್ಕೂ ಅಳತೆ ಇದೆ. ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಕಾಲು ಭಾಗದ ಒಳಗೆ ಮಳೆಯಾದರೆ 'ಒಂದೆರಡು ಕಡೆ'. ಮುಕ್ಕಾಲಿಗಿಂತ ಹೆಚ್ಚಾದರೆ 'ಬಹುತೇಕ ಎಲ್ಲ ಕಡೆ'. ಒಂದೆರಡು ಕಡೆ ಅಂತಿದ್ದರೆ ನಾನು ಕೊಯ್ಲು ನಿಲ್ಲಿಸುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಫೋನ್ ಕೈಗೆತ್ತಿಕೊಳ್ಳುತ್ತೇನೆ.

ಹವಾಮಾನ ತೋರಿಸುವ ವಿಂಡಿ ಆ್ಯಪ್‌ನಲ್ಲಿ, ಮಳೆ ಗಾಳಿಯ ಮುನ್ಸೂಚನೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಯುರೋಪಿನವರ ಮಾದರಿ, ಅಮೆರಿಕದವರ ಮಾದರಿ ಎರಡನ್ನೂ ನೋಡುತ್ತೇನೆ. ಎರಡೂ ಒಂದೇ ಹೇಳಿದರೆ ನಂಬಿಕೆ. ಬೇರೆ ಬೇರೆ ಹೇಳಿದರೆ ಇನ್ನೊಂದು ದಿನ ಕಾಯುವುದು. ಹತ್ತು ದಿನದ ಮುಂದಿನದ್ದನ್ನು ನೋಡುವುದೇ ಇಲ್ಲ, ಅದು ರಾತ್ರಿ ನಿದ್ದೆ ಕೆಡಿಸಲು ಮಾತ್ರ. ಅಮ್ಮನಿಗೆ ಇದೆಲ್ಲ ಬೇಡ. ಬೆಳಿಗ್ಗೆ ಬಚ್ಚಲು ಒಲೆಗೆ ಬೆಂಕಿ ಹಾಕುವಾಗ ಅವರಿಗೆ ಗೊತ್ತಾಗುತ್ತದೆ: "ಚಳಿ ಬಿಟ್ಟಿತು ನೋಡು. ಹುಲ್ಲಲ್ಲಿ ಇಬ್ಬನಿಯೂ ಇಲ್ಲ." ರಾತ್ರಿ ಮೋಡ ಹೊದ್ದಿದ್ದರೆ ನೆಲದ ಬಿಸಿ ಮೇಲೆ ಹೋಗುವುದಿಲ್ಲ, ಅದಕ್ಕೇ ಚಳಿ ಇಲ್ಲ. ಎಷ್ಟೋ ಸಲ ಅಮ್ಮ, ಆ್ಯಪ್ ಇಬ್ಬರೂ ಒಂದೇ ದಿನ ಒಂದೇ ಮಾತು ಹೇಳಿದ್ದಾರೆ.

ಈಗ 2024ರ ಫೆಂಗಲ್ ಚಂಡಮಾರುತದ ಕಥೆ. ನವೆಂಬರ್ 30ರ ಶನಿವಾರ ರಾತ್ರಿ ಅದು ಪುದುಚೇರಿ ಹತ್ತಿರ ದಡ ಹತ್ತಿತು. ಪೂರ್ವದ ಸಮುದ್ರದ ಗಾಳಿಗೂ ನಮಗೂ ಏನು ಸಂಬಂಧ, ನಡುವೆ ಘಟ್ಟ ಇಲ್ವಾ ಅಂತ ಪೇಟೆಯಲ್ಲಿ ಸುಮಾರು ಜನ ಹೇಳುತ್ತಿದ್ದರು. ಚಂಡಮಾರುತದ ಗಾಳಿ ನೆಲದ ಮೇಲೆ ಸಾಯುತ್ತದೆ, ನಿಜ. ಆದರೆ ಅದರ ತೇವ ಸಾಯುವುದಿಲ್ಲ. ಉಳಿದ ವಾಯುಭಾರ ಕುಸಿತ ಪಶ್ಚಿಮಕ್ಕೆ ತೆವಳಿಕೊಂಡು ಬಂದು ನಮ್ಮ ತಲೆ ಮೇಲಿಂದಲೇ ಅರಬ್ಬಿ ಸಮುದ್ರಕ್ಕೆ ಇಳಿಯುವುದುಂಟು. ಆವತ್ತು ಹಾಗೇ ಆಯಿತು.

ನಮ್ಮ ಕೊಯ್ಲು ನಿಗದಿಯಾಗಿದ್ದದ್ದು ಶನಿವಾರ, ಭಾನುವಾರ. ಗುರುವಾರ ರಾತ್ರಿ ಎರಡು ಮಾದರಿಗಳ ನಡುವೆ ಹೊಂದಾಣಿಕೆ ಇರಲಿಲ್ಲ. ಶುಕ್ರವಾರ ಮಧ್ಯಾಹ್ನಕ್ಕೆ ಎರಡೂ ನಮ್ಮ ಕಡೆಗೇ ಬೆರಳು ತೋರಿಸಿದವು. ಕೊಯ್ಯುವವರಿಗೆ ಫೋನ್ ಮಾಡಿದೆ.

"ಬಿಸಿಲು ಹೀಗೆ ಹೊಡೀತಾ ಉಂಟು ಅಣ್ಣ, ಎಂಥ ಮಳೆ ನಿಮ್ಮದು?"

"ಸೋಮವಾರ ಉಂಟು ಮಾರಾಯ. ನೀನು ಮುಂದಿನ ವಾರ ಬಾ."

"ಮುಂದಿನ ವಾರ ಆಚೆ ಮನೆಯದ್ದು. ನಿಮ್ಮದು ಹತ್ತು ದಿನ ದಾಟಿಯೇ."

ಇಲ್ಲಿಯೇ ಕಷ್ಟ ಇರುವುದು. ಆ್ಯಪ್‌ನಲ್ಲಿ ಮಳೆ ನೋಡಿ ಕೊಯ್ಲು ಬೇಡ ಅನ್ನುವುದು ಸುಲಭ. ಮಳೆ ಬಾರದಿದ್ದರೆ ಹತ್ತು ದಿನ ಸುಮ್ಮನೆ ಹೋಯಿತು, ಹಣ್ಣು ಉದುರಲು ಶುರು, ಹೆಕ್ಕಲು ಬೇರೆ ಜನ ಬೇಕು. ಅವನಿಗೂ ಎರಡು ದಿನದ ಸಂಬಳ ತಪ್ಪಿತು. ಅರ್ಧ ಸಂಬಳ ಕೊಡುತ್ತೇನೆ ಅಂದೆ. ಅವನು ಬೇಡ ಅಂದ, ಆಮೇಲೆ ತೆಗೆದುಕೊಂಡ. ಸರಿಯೇ ಅದು.

ಶನಿವಾರ ಬಿಸಿಲಿತ್ತು. ಆ ದಿನ ನನ್ನಷ್ಟು ಮೂರ್ಖ ಊರಲ್ಲಿ ಇರಲಿಲ್ಲ. ನೆರೆಮನೆಯ ತೋಟದಲ್ಲಿ ಗೊನೆ ಬೀಳುವ ಸದ್ದು ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಅಮ್ಮನ ಚಳಿ ಬಿಟ್ಟಿತು. ಮೋಡ ತೆಳ್ಳಗೆ, ಬಿಸಿಲಿಗೆ ಬಣ್ಣವಿಲ್ಲ. ಅಂಗಳದ ಅಡಿಕೆಯನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿದೆವು. ಮೊದಲ ಜಾಗ ಹೊಸ ಹಣ್ಣಿಗಲ್ಲ, 20–25 ದಿನ ಒಣಗಿದ್ದಕ್ಕೆ. ನನ್ನ ಅನುಭವದಲ್ಲಿ ನೀರು ಬಿದ್ದರೆ ಎಲ್ಲಕ್ಕಿಂತ ಬೇಗ ಕೆಡುವುದು ಅದೇ. ಸಿಪ್ಪೆ ಬತ್ತಿ ಸ್ಪಂಜಿನ ಹಾಗೆ ಆಗಿರುತ್ತದೆ, ಹೀರಿದ ನೀರನ್ನು ಬಿಡುವುದಿಲ್ಲ. ಅದನ್ನೆಲ್ಲ ಸೋಲಾರ್ ಗೂಡಿಗೆ ಸಾಗಿಸಿದೆವು. ಕಬ್ಬಿಣದ ಪೈಪಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದ ಗೂಡು, 2021ರ ಮಳೆ ಆದ ಮೇಲೆ ಕಟ್ಟಿಸಿದ್ದು. ಮೋಡದ ದಿನ ಅದರೊಳಗೂ ಬೆವರು ಹನಿಯುತ್ತದೆ, ಹಾಗಾಗಿ ಎರಡು ತುದಿಯ ಬಾಗಿಲು ತೆರೆದೇ ಇಡಬೇಕು.

ಹೊಸ ಹಣ್ಣು ಒಂದು ವಾರದ್ದು. ಅದನ್ನು ದೊಡ್ಡ ರಾಶಿ ಮಾಡಲಿಲ್ಲ. ಅಂಗಳದ ಎತ್ತರದ ಮೂಲೆಯಲ್ಲಿ ಅಡಿಕೆ ಮರದ ಸಲಾಕೆ ಹಾಸಿ, ಅದರ ಮೇಲೆ ಮೊಣಕಾಲೆತ್ತರಕ್ಕೆ ಉದ್ದನೆಯ ಏರಿ ಮಾಡಿ, ನಡುವೆ ಬಿದಿರು ಕಟ್ಟಿ ಟರ್ಪಾಲನ್ನು ಡೇರೆಯ ಹಾಗೆ ಇಳಿಸಿದೆವು. ಅಡಿಕೆಗೆ ಟರ್ಪಾಲು ತಾಗಬಾರದು, ತಾಗಿದ ಕಡೆ ಬೆವರು ಇಳಿಯುತ್ತದೆ. ಹಟ್ಟಿ ಕಡೆಯಿಂದ ಬರುವ ನೀರಿಗೆ ಮರಳು ತುಂಬಿದ ಗೋಣಿ ಅಡ್ಡ ಇಟ್ಟು ದಾರಿ ತಿರುಗಿಸಿದೆ. ಇಡೀ ಏರ್ಪಾಡಿನಲ್ಲಿ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಕೆಲಸ ಅದು.

ಸೋಮವಾರ ಸಂಜೆಯಿಂದ ಸುರಿಯಿತು. ಮಂಗಳವಾರ, ಡಿಸೆಂಬರ್ 3ಕ್ಕೆ ಜಿಲ್ಲೆಯಲ್ಲಿ ಶಾಲೆ ಕಾಲೇಜುಗಳಿಗೆ ರಜೆ. ಪಕ್ಕದ ಗದ್ದೆಯಲ್ಲಿ ನಡೆಯಬೇಕಿದ್ದ ಬಯಲಾಟವನ್ನು ಸಭಾಭವನದೊಳಗೆ ಸಾಗಿಸಿದ್ದರು, ಮಳೆ ಸದ್ದಿನ ನಡುವೆಯೂ ಚೆಂಡೆ ಕೇಳುತ್ತಿತ್ತು. ರಾತ್ರಿ ಎರಡು ಸಲ ಎದ್ದು ನೋಡಿದೆ. ಹಟ್ಟಿಯ ನೀರು ಗೋಣಿಗೆ ಬಡಿದು, ಸ್ವಲ್ಪ ಹೊತ್ತು ಯೋಚನೆ ಮಾಡಿದ ಹಾಗೆ ಅಲ್ಲೇ ತಿರುಗಿ, ಬಾಳೆಬುಡಕ್ಕೆ ಹೋಯಿತು. ನಿದ್ದೆ ಬಂತು.

ಆದರೆ ಬುಧವಾರ ನಾನು ತಪ್ಪು ಮಾಡಿದೆ. ಮಳೆ ನಿಂತಿತ್ತು, ಮೋಡ ಇತ್ತು. ಇನ್ನೊಂದು ಮಳೆ ಬಂದರೆ ಅಂತ ಹೆದರಿ ಟರ್ಪಾಲು ತೆಗೆಯಲಿಲ್ಲ. ಮಧ್ಯಾಹ್ನ ಎರಡು ಗಂಟೆ ಒಣ ಗಾಳಿ ಬೀಸಿತು, ಆಗಲೂ ತೆಗೆಯಲಿಲ್ಲ. ಗುರುವಾರ ಬೆಳಿಗ್ಗೆ ಅಂಚು ಎತ್ತಿದಾಗ ಒಳಗಿನಿಂದ ಬೆಚ್ಚಗಿನ ಗಾಳಿ ಮುಖಕ್ಕೆ ಬಂತು, ಹುಳಿ ಹಿಟ್ಟಿನಂಥ ವಾಸನೆ. ಏರಿಯ ಒಳಕ್ಕೆ ಕೈ ಹಾಕಿದರೆ ಬಿಸಿ. ತೊಟ್ಟಿನ ಹತ್ತಿರ ಬಿಳಿ ಬೂಷ್ಟು ಹತ್ತಿಯ ಹಾಗೆ ಹಿಡಿದಿತ್ತು. ಮಳೆಯ ಒಂದು ಹನಿಯೂ ಅದಕ್ಕೆ ತಾಗಿರಲಿಲ್ಲ.

ಈಗ ಹೊದಿಸುವುದನ್ನು ಆದಷ್ಟು ತಡ ಮಾಡುತ್ತೇನೆ, ತೆಗೆಯುವುದನ್ನು ಆದಷ್ಟು ಬೇಗ. ಗಾಳಿ ಒಂದು ಗಂಟೆ ಸಿಕ್ಕಿದರೂ ತೆರೆಯುವುದು. ಮೇಲೆ ಹನಿ ಬಿದ್ದರೆ ಓಡಿದರಾಯಿತು. ಮನೆಯಲ್ಲಿ ಓಡುವವರು ಇರಬೇಕು, ಅದೂ ನಿಜ. ಮಕ್ಕಳು ಬೆಂಗಳೂರಿನಲ್ಲಿದ್ದು ಇಬ್ಬರು ವಯಸ್ಸಾದವರೇ ಇರುವ ಮನೆಗೆ ನಾನು ಈ ಸಲಹೆ ಕೊಡಲಾರೆ. ಅವರಿಗೆ ಕೊಯ್ಲು ಮುಂದೆ ಹಾಕುವುದೊಂದೇ ದಾರಿ, ಇಲ್ಲವೇ ಗೂಡು ಕಟ್ಟಿಸುವುದು.

ಶನಿವಾರ ಕೊಯ್ಲು ಮಾಡಿಸಿದ್ದ ನೆರೆಮನೆಯವರು ಅಡಿಕೆಯನ್ನು ಚಾವಡಿ, ಜಗಲಿ, ಕೊನೆಗೆ ದೇವರ ಕೋಣೆಯ ಹೊರಗಿನ ತನಕ ಹರಡಿದ್ದರು. ಫ್ಯಾನ್ ಹಾಕಿ ಒಣಗಿಸಿದರು. ಅವರದ್ದು ಅಷ್ಟೇನೂ ಕೆಡಲಿಲ್ಲ, ಹೇಳಬೇಕು.

ಮುಗ್ಗಿದ ಆ ಏರಿಯ ಅಡಿಕೆಯನ್ನು ಬೇರೆಯೇ ಒಣಗಿಸಿ, ಎರಡು ಗೋಣಿಗೆ ತುಂಬಿ, ಬಾಯಿಗೆ ಕೆಂಪು ಹಗ್ಗ ಕಟ್ಟಿ ಅಟ್ಟಕ್ಕೆ ಹಾಕಿದೆ. ಮೇ ಕೊನೆಯಲ್ಲಿ ಸುಲಿಯುವಾಗ ಅಮ್ಮ ಅದರಿಂದ ಹತ್ತು ಅಡಿಕೆ ಆರಿಸಿ ಕತ್ತರಿಯಲ್ಲಿ ಸೀಳಿದರು. ಏಳು ಬಿಳಿ, ಮೂರು ಕಪ್ಪು. ಕಪ್ಪಾದದ್ದನ್ನು ಬದಿಗಿಟ್ಟು, ಬಿಳಿಯದ್ದರಲ್ಲಿ ಒಂದು ಹೋಳನ್ನು ವೀಳ್ಯದೊಳಗೆ ಮಡಚಿ ಬಾಯಿಗೆ ಹಾಕಿಕೊಂಡು, "ಇದು ಅಡ್ಡಿಯಿಲ್ಲ" ಅಂದರು.