ಹಳೇ ಎಂಆರ್2ಗೆ ಸೂಪರ್‌ಚಾರ್ಜರ್ ಎಂಜಿನ್ ಕೂರಿಸಿದ್ದು, ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಬ್ರೇಕ್ ಪ್ಯಾಡು, ಟೈಮಿಂಗ್ ಬೆಲ್ಟು, ಕ್ಲಚ್ ಪ್ಲೇಟು ಇಷ್ಟನ್ನ ಮನೇಲೇ ಬದಲಾಯಿಸಿ ಅಭ್ಯಾಸ ಇತ್ತು ಅಷ್ಟೇ. ಗಾಡಿ ಟೊಯೊಟಾ ಎಂಆರ್2, ಮೊದಲನೇ ಜನರೇಶನ್ನು, ಎಡಬ್ಲ್ಯೂ11 ಅಂತಾರಲ್ಲ ಅದು, 1984ರಿಂದ 1989ರ ತನಕ ಬಂದಿದ್ದು. ಎರಡೇ ಸೀಟು, ಎಂಜಿನ್ ಸೀಟಿನ ಬೆನ್ನ ಹಿಂದೆ ಅಡ್ಡಡ್ಡ ಕೂತಿರುತ್ತೆ, ರೇಡಿಯೇಟರ್ ಮಾತ್ರ ಮುಂದೆ. ನನ್ನದರಲ್ಲಿದ್ದದ್ದು ಮಾಮೂಲಿ 4ಎ-ಜಿಇ, 1.6 ಲೀಟರ್, 16 ವಾಲ್ವು. ಒಳ್ಳೇ ಎಂಜಿನ್ನೇ, ಆದ್ರೆ ವಯಸ್ಸಾಗಿ ಎಣ್ಣೆ ಕುಡಿಯೋಕೆ ಶುರು ಮಾಡಿತ್ತು. ಹೆಂಗೂ ಇಳಿಸ್ಲೇಬೇಕು, ಇಳಿಸಿದ್ಮೇಲೆ ಅದನ್ನೇ ವಾಪಸ್ ಹಾಕೋ ಬದಲು ಅದರ ಅಣ್ಣ 4ಎ-ಜಿಜೆಡ್ಇ, ಅಂದ್ರೆ ಗಾಳಿ ಒತ್ತಿ ತುಂಬೋ ಸೂಪರ್‌ಚಾರ್ಜರ್ ಕಂಪನಿಯಿಂದಾನೇ ಇರೋದು, ಹಾಕಿದ್ರೆ ಹೆಂಗೆ ಅಂತ ತಲೇಲಿ ಹುಳ ಬಿಟ್ಕೊಂಡೆ.

"ಅಣ್ಣಾ, ಇದ್ದ ಎಂಜಿನ್ನಿಗೇ ಒಂದು ಸೂಪರ್‌ಚಾರ್ಜರ್ ತಗುಲಿಸಿದ್ರೆ ಆಗಲ್ವಾ" ಅಂತ ನನ್ ತಮ್ಮ ಕೇಳ್ದ. ತಗುಲಿಸಬಹುದು, ಆದ್ರೆ ಹಳೇದರ ಕಂಪ್ರೆಶನ್, ಅಂದ್ರೆ ಸಿಲಿಂಡರ್ ಒಳಗಿನ ಗಾಳಿನ ಪಿಸ್ಟನ್ ಎಷ್ಟು ಪಾಲು ಒತ್ತುತ್ತೆ ಅನ್ನೋ ಲೆಕ್ಕ, 9.4:1, ಅದರ ಮೇಲೆ ಗಾಳಿ ಒತ್ತಿ ತುಂಬಿದ್ರೆ ನಾಕ್ ಹೊಡೆದು, ಅಂದ್ರೆ ಪೆಟ್ರೋಲ್ ಲೆಕ್ಕ ತಪ್ಪಿ ತಾನೇ ಸಿಡಿದು, ಪಿಸ್ಟನ್ ಕಥೆ ಮುಗಿಯುತ್ತೆ. ಜಿಜೆಡ್ಇಲಿ ಕಂಪ್ರೆಶನ್ 8:1ಕ್ಕೆ ಇಳಿಸಿ, ಗಟ್ಟಿಯಾದ ಫೋರ್ಜ್ಡ್ ಪಿಸ್ಟನ್ ಹಾಕಿ, ನಾಕ್ ಸೆನ್ಸರ್ ಇಟ್ಟು, ಅದಕ್ಕೆ ತಕ್ಕ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೊಟ್ಟು ಕಂಪನಿಯವರೇ ಎಲ್ಲಾ ಯೋಚನೆ ಮಾಡಿದಾರೆ. ಕಂಪನಿ ಲೆಕ್ಕದಲ್ಲಿ ಶಕ್ತಿ 145 ಪಿಎಸ್. ಗಾಡಿ ತೂಕ ಹೆಚ್ಚು ಕಮ್ಮಿ ಒಂದು ಟನ್ನು, ಸಾಕೋ ಸಾಕು. ಹಂಗಾಗಿ ಜಿಜೆಡ್ಇ ಇದ್ದ, ಅರ್ಧಕ್ಕೆ ಕತ್ತರಿಸಿದ ಗಾಡಿಯ ಹಿಂಭಾಗವನ್ನೇ ಪೂರ್ತಿ ತಗೊಂಡೆ. ಎಂಜಿನ್, ಇ51 ಗೇರ್‌ಬಾಕ್ಸ್, ಡ್ರೈವ್ ಶಾಫ್ಟು, ಮೌಂಟ್ ಬ್ರಾಕೆಟ್ಟು, ವೈರಿಂಗ್, ಇಸಿಯು ಎಲ್ಲಾ ಒಂದೇ ಗಾಡೀದು. ಇದೊಂದು ಕೆಲಸ ಬುದ್ಧಿ ಉಪಯೋಗಿಸಿ ಮಾಡಿದ್ದು ಅನ್ಸುತ್ತೆ, ಯಾಕಂದ್ರೆ ನನ್ನ ಹಳೇ ಸಿ52 ಗೇರ್‌ಬಾಕ್ಸಿನ ಶಾಫ್ಟು ಬ್ರಾಕೆಟ್ಟು ಯಾವುದೂ ಇದಕ್ಕೆ ಆಗ್ತಿರ್ಲಿಲ್ಲ, ಬಿಡಿಬಿಡಿಯಾಗಿ ಹುಡುಕ್ಕೊಂಡು ಹೋಗಿದ್ರೆ ಇವತ್ತಿಗೂ ಹುಡುಕ್ತಾನೇ ಇರ್ತಿದ್ದೆ.

ಹಾಕೋ ಮುಂಚೆ ಚಾರ್ಜರ್ ಬದುಕಿದೆಯಾ ನೋಡ್ಬೇಕಲ್ಲ. ಇದರಲ್ಲಿರೋದು ಎಸ್‌ಸಿ12 ಅನ್ನೋ ಚಾರ್ಜರ್, ರೂಟ್ಸ್ ಟೈಪು (ಎರಡು ರೋಟರ್ ತಿರುಗಿ ಗಾಳಿ ತಳ್ಳೋದು), ಎಸಿ ಕಂಪ್ರೆಸರ್ ತರಾನೇ ಪುಲ್ಲಿ ಒಳಗೆ ಕರೆಂಟ್ ಕ್ಲಚ್ ಇರುತ್ತೆ. ಕರೆಂಟ್ ಇಲ್ದಾಗ ಪುಲ್ಲಿ ಸುಮ್ನೆ ತಿರುಗುತ್ತೆ, ಒಳಗಿನ ರೋಟರ್ ಅಲ್ಲಾಡಲ್ಲ. ನೆಲದ ಮೇಲೇ ಇಟ್ಕೊಂಡು ಬ್ಯಾಟರಿಯಿಂದ ಎರಡು ವೈರ್ ಮುಟ್ಟಿಸಿದೆ, ಟಕ್ ಅಂತು, ಪುಲ್ಲಿ ತಿರುಗಿಸಿದ್ರೆ ಈ ಸಲ ಕೈಗೆ ಭಾರ ಸಿಕ್ತು, ಬಾಯಿಂದ ಫುಸ್ ಅಂತ ಗಾಳಿನೂ ಬಂತು. ತಮ್ಮ ಅದನ್ನ ಹತ್ತು ಸಲ ಟಕ್ ಟಕ್ ಅನ್ನಿಸಿ ಆಟ ಆಡ್ದ. ಚಾರ್ಜರಿಗೆ ಅದರದ್ದೇ ಬೇರೆ ಎಣ್ಣೆ ಇರುತ್ತೆ, ಎಂಜಿನ್ ಆಯಿಲ್ ಅಲ್ಲ, ಅದನ್ನೂ ಆಗಲೇ ಬದಲಾಯಿಸಿಬಿಟ್ಟೆ.

ಎಂಜಿನ್ ಇಳಿಸೋದರ ಬಗ್ಗೆ ಜಾಸ್ತಿ ಹೇಳಲ್ಲ. ನಾನು ಮೇಲಿಂದ ಎತ್ತಲಿಲ್ಲ, ಚೈನ್ ಬ್ಲಾಕ್‌ನಿಂದ ಹಿಡಿದು ಕೆಳಗೆ ತಳ್ಳುಗಾಡಿ ಮೇಲೆ ಇಳಿಸಿದೆ, ಆಮೇಲೆ ಬಾಡಿ ಹಿಂಭಾಗವನ್ನ ಸೊಂಟದೆತ್ತರ ಎತ್ತಿ ಎಂಜಿನ್ನನ್ನ ಅಡಿಯಿಂದ ಎಳ್ಕೊಂಡ್ವಿ. ಬರೀ ಜಾಕ್ ನಂಬ್ಕೊಂಡು ಅಡಿಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ, ಅದರ ಪಕ್ಕ ಮರದ ದಿಮ್ಮಿನೂ ಇಡಿ. ಪೆಟ್ರೋಲ್ ಲೈನಲ್ಲಿ ಪ್ರೆಶರ್ ಉಳಿದಿರುತ್ತೆ, ನಾನು ಮರೆತು ಬೋಲ್ಟ್ ಸಡಿಲ ಮಾಡ್ದೆ, ಮುಖಕ್ಕೆ ಸ್ನಾನ ಆಯ್ತು, ಕನ್ನಡಕ ಇದ್ದಿದ್ದಕ್ಕೆ ಕಣ್ಣು ಉಳೀತು. ಹೊಸ ಎಂಜಿನ್ ಅದೇ ದಾರೀಲಿ ಒಳಗೆ ಹೋಯ್ತು, ಮೂರೇ ದಿನ, ಎಲ್ಲಾ ತೂತೂ ತೂತಿಗೆ ಕೂತ್ವು. ಒಂದೇ ಮನೆತನದ ಎಂಜಿನ್ ನೋಡಿ. ಅವತ್ತು ಗೆದ್ದೆ ಅಂದ್ಕೊಂಡಿದ್ದೆ.

ಕೀ ತಿರುಗಿಸಿದ್ರೆ ಸೆಲ್ಫ್ ಹೊಡೀತು, ಎಂಜಿನ್ ಹತ್ಕೊಂತು, ಕೀ ಬಿಟ್ಟ ತಕ್ಷಣ ನಿಂತೋಯ್ತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಇಪ್ಪತ್ತು ಸಲ ಹಂಗೇ ಮಾಡಿದೀನಿ ನಾಚಿಕೆ ಇಲ್ದೆ. ವಿಷಯ ಏನಂದ್ರೆ ನನ್ನ ಹಳೇ ಎಂಜಿನ್ ಮ್ಯಾಪ್ ಸೆನ್ಸರಿಂದು, ಪೈಪಿನ ಪ್ರೆಶರ್ ನೋಡಿ ಗಾಳಿ ಲೆಕ್ಕ ಹಾಕೋದು. ಇದು ಏರ್ ಫ್ಲೋ ಮೀಟರಿಂದು, ಒಳಗೊಂದು ರೆಕ್ಕೆ ಇದೆ, ಗಾಳಿ ಎಳೆದಷ್ಟು ಅದು ತೆರ್ಕೊಳ್ಳುತ್ತೆ. ಆ ರೆಕ್ಕೆ ಹತ್ರಾನೇ ಪೆಟ್ರೋಲ್ ಪಂಪಿನ ಸ್ವಿಚ್ಚೂ ಇದೆ. ಸೆಲ್ಫ್ ಹೊಡೆಯೋವಾಗ ಪಂಪಿಗೆ ಸೆಲ್ಫ್ ಕಡೆಯಿಂದಾನೇ ಕರೆಂಟ್ ಬರುತ್ತೆ, ಕೀ ಬಿಟ್ಮೇಲೆ ಈ ಸ್ವಿಚ್ ಹಿಡ್ಕೋಬೇಕು. ಮೀಟರಿಂದ ಬರೋ ಏಳು ವೈರಲ್ಲಿ ಆ ಒಂದನ್ನ ನಾನು ಟೇಪ್ ಸುತ್ತಿ ಪಕ್ಕಕ್ಕೆ ಇಟ್ಟಿದ್ದೆ, ನನ್ನ ಗಾಡಿ ಕಡೆ ಅದಕ್ಕೆ ಜೋಡಿ ಇರ್ಲಿಲ್ಲ ಅಂತ! ಪಂಪ್ ರಿಲೇ ತನಕ ಒಂದು ಹೊಸ ವೈರ್ ಎಳೆದೆ, ಎಂಜಿನ್ ಆಫ್ ಆಗದೆ ಓಡ್ತಾ ಇತ್ತು.

ಓಡ್ತಾ ಇತ್ತು ಅಂದ್ರೆ ಏನು, ಐಡ್ಲಿಂಗಲ್ಲಿ, ಕಾಲು ಒತ್ತದೇ ಇರೋವಾಗ, ಉಯ್ಯಾಲೆ. ಆರ್‌ಪಿಎಂ 800, 1500, 800, 1500. ಕಿಡಿ ಹೊಡೆಯೋ ಟೈಮಿಂಗ್ 10 ಡಿಗ್ರಿ ಸರಿಯಾಗೇ ಇತ್ತು, ಪ್ಲಗ್ ಹೊಸದು. ಇಲ್ಲೇ ನೋಡಿ ನನ್ನ ಎರಡು ತಿಂಗಳ ಭಾನುವಾರಗಳು ಹೋಗಿದ್ದು. ಏರ್ ಫ್ಲೋ ಮೀಟರ್ ಇರೋ ಎಂಜಿನ್ನಿಗೆ ತನ್ನ ಮೂಲಕ ಹೋದ ಗಾಳಿ ಮಾತ್ರ ಲೆಕ್ಕ, ಬೇರೆ ಎಲ್ಲಾದ್ರೂ ಕಳ್ಳಗಾಳಿ ನುಗ್ಗಿದ್ರೆ ಅದಕ್ಕೆ ಪೆಟ್ರೋಲ್ ಹಾಕಲ್ಲ. ಚಾರ್ಜರ್ ಗಾಡೀಲಿ ಇನ್ನೂ ಮಜಾ, ಸಣ್ಣ ವೇಗದಲ್ಲಿ ತೂತಿನಿಂದ ಗಾಳಿ ಒಳಗೆ ಬರುತ್ತೆ, ಬೂಸ್ಟಲ್ಲಿ, ಅಂದ್ರೆ ಚಾರ್ಜರ್ ಗಾಳಿ ಒತ್ತೋವಾಗ, ಅದೇ ತೂತಿನಿಂದ ಲೆಕ್ಕ ಹಾಕಿದ ಗಾಳಿ ಹೊರಗೆ ಹೋಗುತ್ತೆ, ಒಂದ್ಕಡೆ ಪೆಟ್ರೋಲ್ ಕಮ್ಮಿ ಇನ್ನೊಂದ್ಕಡೆ ಜಾಸ್ತಿ. ಎಲ್ಲಾ ಕ್ಲಾಂಪ್ ಬಿಗಿ ಮಾಡ್ದೆ, ಒತ್ತಿದ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರಿನ ಪ್ಯಾಕಿಂಗ್ ಎರಡು ಸಲ ಬಿಚ್ಚಿ ಹಾಕ್ದೆ, ಏನೂ ಇಲ್ಲ.

ಕೊನೆಗೆ ಪಂಕ್ಚರ್ ಹುಡುಕೋ ಹಂಗೇ ಹುಡುಕಿದೆ. ಮೀಟರಿನ ಹಿಂದಿನ ರಬ್ಬರ್ ಪೈಪಿಗೆ ಒಂದು ಡಬ್ಬಿ ಮುಚ್ಚಳ ಸಿಗಿಸಿ, ಅದಕ್ಕೆ ಟ್ಯೂಬಿನ ಬಾಯಿ ಕೂರಿಸಿ, ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ ಹೊಡೆದೆ. ಮೆಲ್ಲಗೆ ಅನ್ನೋದು ಮುಖ್ಯ, ಜಾಸ್ತಿ ಹೊಡೆದ್ರೆ ಕ್ರ್ಯಾಂಕಿನ ಆಯಿಲ್ ಸೀಲ್ ಕಿತ್ಕೊಂಡು ಬರುತ್ತೆ. ಸೋಪು ನೀರು ಬಳಿದ ಜಾಯಿಂಟಲ್ಲಿ ಎಲ್ಲೂ ಗುಳ್ಳೆ ಇಲ್ಲ, ಆದ್ರೆ ಎಲ್ಲೋ ಸುಯ್ ಅಂತಿದೆ. ಟಾರ್ಚ್ ಆರಿಸಿ ಕಿವಿ ಇಟ್ಕೊಂಡು ಹುಡುಕಿದ್ರೆ ಸದ್ದು ಬರ್ತಿರೋದು ಆಯಿಲ್ ನೋಡೋ ಕಡ್ಡಿಯಿಂದ, ಡಿಪ್‌ಸ್ಟಿಕ್ಕಿನಿಂದ! ಅದರ ಬಾಯಲ್ಲಿರೋ ರಬ್ಬರ್ ರಿಂಗ್ ಒಣಗಿ ಚೂರಾಗಿತ್ತು. ಎಂಜಿನ್ ಉಸಿರಾಡೋ ಪೈಪ್ ಮೀಟರಿನ ಈಚೆಗೇ ಸೇರೋದ್ರಿಂದ ಅಲ್ಲಿಂದ ಒಳಗೆ ಬಂದಿದ್ದೂ ಕಳ್ಳಗಾಳಿನೇ. ಬೆರಳುಗುರಿನಷ್ಟು ರಬ್ಬರು. ಬದಲಾಯಿಸಿದೆ, ಉಯ್ಯಾಲೆ ನಿಂತೋಯ್ತು. ತಮ್ಮ ಇವತ್ತಿಗೂ ಆಡ್ಕೋತಾನೆ.

ಕೂಲಂಟ್ ಬಗ್ಗೆ ಒಂದು ಮಾತು. ಎಂಜಿನ್ ಹಿಂದೆ ರೇಡಿಯೇಟರ್ ಮುಂದೆ ಇರೋದ್ರಿಂದ 12 ಲೀಟರ್ ಮೇಲೇ ಹಿಡಿಯುತ್ತೆ, ಮಧ್ಯದ ಉದ್ದ ಪೈಪಲ್ಲಿ ಗಾಳಿ ಸಿಕ್ಕಾಕ್ಕೊಳ್ಳುತ್ತೆ. ಮುಂದೆ ರೇಡಿಯೇಟರಿಗೂ ಹೀಟರಿಗೂ ಗಾಳಿ ಬಿಡೋ ಬಾಯಿ ಇದೆ, ಅವಕ್ಕೆ ಪಾರದರ್ಶಕ ಪೈಪ್ ಸಿಗಿಸಿ ಎತ್ತರಕ್ಕೆ ಕಟ್ಟಿ, ನೀರಿನ ಮಟ್ಟ ಅದರಲ್ಲಿ ಕಾಣೋ ತನಕ ತುಂಬ್ತಾ ಹೋಗ್ಬೇಕು. ಆತುರ ಬಿದ್ರೆ ಮುಳ್ಳು ಕೆಂಪಿಗೆ ಹೋಗುತ್ತೆ.

ಮೊದಲ ಓಟಕ್ಕೆ ಹೋದ್ರೆ ಬೂಸ್ಟೇ ಇಲ್ಲ. ಡ್ಯಾಶಲ್ಲಿ ಚಾರ್ಜರಿನ ಹಸಿರು ಲೈಟ್ ಬರ್ತಿದೆ, ಹಿಂದೆ ಟಕ್ ಅಂತಾನೂ ಕೇಳುತ್ತೆ, ಗಾಡಿ ಮಾತ್ರ ಹಳೇ ಎಂಜಿನ್ನಿಗಿಂತ ಮಂಕು. ಈ ಸಲ ಎರಡು ತಿಂಗಳು ಹಿಡೀಲಿಲ್ಲ, ಗಾಳಿ ದಾರಿ ಬಾಯಿಪಾಠ ಆಗಿತ್ತಲ್ಲ. ಆರಾಮಾಗಿ ಓಡ್ಸೋವಾಗ ಕ್ಲಚ್ ಬಿಟ್ಟಿರುತ್ತೆ, ಗಾಳಿ ಬೈಪಾಸ್ ವಾಲ್ವಿಂದ ಚಾರ್ಜರ್ ತಪ್ಪಿಸಿ ಎಂಜಿನ್ನಿಗೆ ಹೋಗುತ್ತೆ, ಕಾಲು ಒತ್ತಿದಾಗ ಆ ವಾಲ್ವ್ ಮುಚ್ಕೋಬೇಕು. ನಾನು ಅದರ ಎರಡು ಸಣ್ಣ ಪೈಪುಗಳನ್ನ ಅದಲು ಬದಲು ಹಾಕಿದ್ದೆ, ಅದು ತೆರೆದೇ ಇತ್ತು, ಚಾರ್ಜರ್ ಒತ್ತಿದ ಗಾಳಿ ಸುತ್ತಿ ಬಂದು ಮತ್ತೆ ಅದರ ಬಾಯಿಗೇ ಹೋಗ್ತಿತ್ತು. ರಸ್ತೆ ಪಕ್ಕಾನೇ ನಿಲ್ಲಿಸಿ ಬದಲಾಯಿಸಿದೆ, ಕೈ ಸುಟ್ಕೊಂಡೆ.

ಆಮೇಲೆ ಎರಡನೇ ಗೇರಲ್ಲಿ ಒತ್ತಿದೆ ನೋಡಿ. ಟರ್ಬೋ ತರ ಕಾಯೋದು ಏನಿಲ್ಲ, ಕಾಲಿಟ್ಟಲ್ಲೇ ಬೂಸ್ಟ್ ಗೇಜು 8 ಪಿಎಸ್ಐ ಹತ್ರ, ಕಿವಿ ಹಿಂದೆ ಊಊ ಅಂತ ಒಂದು ಕೂಗು. ತಮ್ಮ ಪಕ್ಕದಲ್ಲಿ ಕೂತು ಬಾಗಿಲ ಹಿಡಿ ಹಿಡ್ಕೊಂಡೋನು ಮನೆ ಬರೋ ತನಕ ಬಿಡ್ಲಿಲ್ಲ. ಇಂಟರ್‌ಕೂಲರ್ ಎಂಜಿನ್ ನೆತ್ತಿ ಮೇಲೇ ಕೂರೋದ್ರಿಂದ ಹಳೇ ಎಂಜಿನ್ ಮುಚ್ಚಳದಲ್ಲಿ ಅದಕ್ಕೆ ಗಾಳಿನೇ ಸಿಗ್ತಿರ್ಲಿಲ್ಲ, ಅರ್ಧ ಗಂಟೆ ಓಡ್ಸಿದ್ರೆ ಮುಟ್ಟೋಕಾಗದಷ್ಟು ಬಿಸಿ, ಆಮೇಲೆ ಗಾಳಿ ಡಕ್ಟ್ ಇರೋ ಮುಚ್ಚಳಾನೇ ಹಾಕಿ ಸುತ್ತ ಸ್ಪಂಜು ಅಂಟಿಸಿದೆ. ಬೆಳಗ್ಗೆ ತಣ್ಣಗಿರೋವಾಗ ಮಾತ್ರ ಹಸಿರು ಲೈಟ್ ಬಂದ ತಕ್ಷಣ ಬೆಲ್ಟ್ ಒಂದು ಸಲ ಕಿರ್ರ್ ಅನ್ನುತ್ತೆ. ಇನ್ನೊಂಚೂರು ಬಿಗಿ ಮಾಡ್ಬೇಕು, ಈ ಭಾನುವಾರ.