ಫ್ರೆಂಡ್ಸ್ ಜೊತೆ ಫಾರಿನ್ ಸಿಟೀಲಿ ಶಾಪಿಂಗ್ ಹೊರಟಿದ್ದೀರಾ?

ಯಾರಿಗೆ ಏನ್ ಬೇಕು ಅಂತ ಬೆಳಿಗ್ಗೇನೇ ಮಾತಾಡ್ಕೊಂಡು ಒಂದೇ ಏರಿಯಾ ಹಿಡ್ಕೊಳಿ, ಊರೆಲ್ಲಾ ಸುತ್ತಿದ್ರೆ ಅರ್ಧ ದಿನ ಓಡಾಟಕ್ಕೇ ಹೋಗತ್ತೆ. ಇಷ್ಟು ಹೊತ್ತಿಗೆ ಇಲ್ಲಿ ಸಿಗೋಣ ಅಂತ ಜಾಗ ಫಿಕ್ಸ್ ಮಾಡಿ ಆಮೇಲೆ ಬೇರೆಬೇರೆ ಹೋಗಿ, ಒಬ್ರು ಟ್ರಯಲ್ ರೂಮಲ್ಲಿದ್ರೆ ಉಳಿದೋರೆಲ್ಲಾ ಕಾಯ್ತಾ ನಿಲ್ಲೋದು ಬೇಡ.

ಕಾರ್ಡ್ ಮೆಷಿನ್ ನಿಮ್ಮ ದೇಶದ ಕರೆನ್ಸೀಲಿ ಕಟ್ತೀರಾ ಅಂತ ಕೇಳಿದ್ರೆ ದಯವಿಟ್ಟು ಬೇಡ ಅನ್ನಿ, ಅಲ್ಲಿನ ಕರೆನ್ಸೀನೇ ಒತ್ತಿ, ಇಲ್ಲಾಂದ್ರೆ ಸಾಮಾನ್ಯವಾಗಿ ಜಾಸ್ತಿ ದುಡ್ಡು ಹೋಗತ್ತೆ. ಪಾಸ್‌ಪೋರ್ಟ್ ಜೊತೇಲಿರ್ಲಿ, ಟೂರಿಸ್ಟ್‌ಗಳಿಗೆ ಟ್ಯಾಕ್ಸ್ ವಾಪಸ್ ಕೊಡೋ ದೇಶ ಆದ್ರೆ ಬಿಲ್ ಮಾಡ್ಸೋವಾಗ್ಲೇ ಕೇಳ್ಬೇಕು, ಏರ್‌ಪೋರ್ಟಲ್ಲಿ ಕಸ್ಟಮ್ಸ್‌ನೋರು ಸಾಮಾನು ತೋರ್ಸಿ ಅನ್ಬೋದು, ಅದಕ್ಕೇ ಬ್ಯಾಗ್ ಚೆಕ್‌ಇನ್ ಮಾಡೋಕ್ ಮುಂಚೇನೇ ಅಲ್ಲಿಗೆ ಹೋಗಿ. ಶೂ ಆದ್ರೆ ಹಾಕ್ಕೊಂಡೇ ನೋಡಿ, ಯುಕೆ, ಯುಎಸ್, ಯುರೋಪ್ ನಂಬರ್ ಎಲ್ಲಾ ಬೇರೆಬೇರೆ.