ಗಾಜನೂರಿನ ಹೊರಹರಿವು, ನಮ್ಮ ಹೊಸ್ತಿಲು: ತುಂಗೆಯ ದಂಡೆಯಲ್ಲಿ ನೆರೆ ಮಟ್ಟ ಅಳೆದ ಬಗೆ

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದ ಮೊಬೈಲುಗಳಲ್ಲಿ ಮೂರು ಜಲಾಶಯಗಳ ಅಂಕಿ ಒಟ್ಟೊಟ್ಟಿಗೆ ಓಡಾಡುತ್ತವೆ. ಲಿಂಗನಮಕ್ಕಿ 1819 ಅಡಿಗೆ ಎಷ್ಟು ಬಾಕಿ, ಭದ್ರಾ 186 ಅಡಿಗೆ ಎಷ್ಟು ಬಾಕಿ, ತುಂಗಾ 588.24 ಮೀಟರ್ ಭರ್ತಿ. ಊರೊಳಗೆ ಹೊಳೆ ಪಕ್ಕ ಮನೆ ಇರುವವರಿಗೆ ಮೊದಲೆರಡು ಬೇಡದ ಲೆಕ್ಕ. ಲಿಂಗನಮಕ್ಕಿ ಶರಾವತಿಯದು, ಪಡುವಣಕ್ಕೆ ಇಳಿದು ಹೋಗುವ ನೀರು. ಭದ್ರೆಯಲ್ಲಿ ಹೆಚ್ಚು ಬಿಟ್ಟರೆ ತೊಂದರೆ ಭದ್ರಾವತಿಗೆ. ಆ ನೀರು ತುಂಗೆಯನ್ನು ಸೇರುವುದು ಶಿವಮೊಗ್ಗ ದಾಟಿದ ಮೇಲೆ, ಕೂಡ್ಲಿಯಲ್ಲಿ. ನಮಗೆ ಬೇಕಾದದ್ದು ಊರಿನ ಮೇಲ್ಗಡೆ ತುಂಗಾ ಅಣೆಕಟ್ಟು ಇರುವ ಗಾಜನೂರಿನ ಅಂಕಿ. ಅದರಲ್ಲೂ ಮಟ್ಟವಲ್ಲ, ಹೊರಹರಿವು.

ಮಟ್ಟ ಯಾಕೆ ಬೇಡ ಅಂದರೆ, ಗಾಜನೂರು ನೆರೆ ತಡೆಯುವ ಅಣೆಕಟ್ಟೇ ಅಲ್ಲ. ಅದರ ಸಾಮರ್ಥ್ಯ 3.24 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭದ್ರೆಯದು 71.5. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಲಕ್ಷ ಕ್ಯೂಸೆಕ್ ಒಳಹರಿವು ಬಂತು ಅಂದುಕೊಳ್ಳಿ, ಖಾಲಿ ಇದ್ದ ಗಾಜನೂರೂ ಒಂಬತ್ತು ಗಂಟೆಯಲ್ಲಿ ತುಂಬುತ್ತದೆ. ಖಾಲಿ ಎಲ್ಲಿರುತ್ತದೆ? ಮುಂಗಾರು ಬಲವಾದ ಕೆಲವೇ ದಿನಕ್ಕೆ ತುಂಬಿ, ಆಮೇಲೆ ಬಂದಷ್ಟನ್ನೂ 22 ಗೇಟುಗಳಲ್ಲಿ ಬಿಡುತ್ತಿರುತ್ತಾರೆ. ‘ಡ್ಯಾಂನವರು ಒಮ್ಮೆಲೇ ಬಿಟ್ಟರು’ ಎಂಬ ಮಾತಿನಲ್ಲಿ ಹೆಚ್ಚಿನ ಸಲ ಹುರುಳಿಲ್ಲ, ಹಿಡಿದಿಡಲು ಜಾಗವೇ ಇಲ್ಲ.

ಇನ್ನು ಊರಿನ ಮಳೆ ನೋಡಿ ಹೊಳೆ ಅಂದಾಜು ಮಾಡುವುದು. ಶಿವಮೊಗ್ಗದಲ್ಲಿ ಬಿಸಿಲು ಬಿದ್ದ ದಿನವೂ ಕೆಂಪು ನೀರು ದಂಡೆ ಸವರಬಹುದು. ನೋಡಬೇಕಾದದ್ದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ನೀರಿನಲ್ಲಿ ಒಂದು ಪಾಲು ಘಟ್ಟ ಇಳಿದು ಸೀತಾನದಿಗೆ ಹೋಗುತ್ತದೆ, ಮೂಡಣದ ಪಾಲು ಮಾಲತಿ ಹೊಳೆಯಾಗಿ ತುಂಗೆಗೆ ಬರುತ್ತದೆ. 2019ರ ಆಗಸ್ಟಿನ ನೆರೆ ಬಂದದ್ದು ಆಶ್ಲೇಷಾ ಮಳೆಯಲ್ಲಿ. ಪುನರ್ವಸು, ಪುಷ್ಯದಲ್ಲಿ ಕಾಡಿನ ನೆಲ ಕುಡಿಯುವಷ್ಟು ಕುಡಿದಿದ್ದರೆ, ಆಮೇಲೆ ಬಿದ್ದದ್ದೆಲ್ಲ ಹೊಳೆಗೇ.

ಗಾಜನೂರಿನಿಂದ ಊರಿಗೆ ಹದಿನೈದು ಕಿ.ಮೀ. ಆಸುಪಾಸು. ನೆರೆ ನೀರು ಸೆಕೆಂಡಿಗೆ ಎರಡು ಮೀಟರ್ ಓಡಿದರೆ ಗಂಟೆಗೆ 7 ಕಿ.ಮೀ. ಆಯಿತು. ಅಂದರೆ ಕೈಯಲ್ಲಿರುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಯಾರ ಮನೆಗೆ ಮೊದಲು ನೀರು ಎಂದು ಹೇಳಲು ನಮ್ಮ ಕೇರಿಯ ನೆಲಮಟ್ಟಗಳೇ ಬೇಕು. ಅವನ್ನು ತೆಗೆದದ್ದು ಹೀಗೆ.

ಮೊಬೈಲಿನ ಜಿಪಿಎಸ್ ಎತ್ತರ ನಂಬಬೇಡಿ. ನಾಲ್ಕೈದು ಮೀಟರ್ ತಪ್ಪುವುದು ಮಾಮೂಲು. ಮೇಲಾಗಿ ಕೆಲವು ಆ್ಯಪ್‌ಗಳು ಸಮುದ್ರಮಟ್ಟದ ಬದಲು, ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಗೋಳದಿಂದ ಅಳೆದದ್ದನ್ನು ತೋರಿಸುತ್ತವೆ. ನಮ್ಮ ಕಡೆ ಎರಡಕ್ಕೂ 80 ಮೀಟರಿಗಿಂತ ಹೆಚ್ಚು ವ್ಯತ್ಯಾಸ. 570 ಮೀಟರ್ ಎತ್ತರದ ಊರು 480ರಲ್ಲಿದೆ ಎಂದು ತೋರಿಸಿದರೆ ಗಾಬರಿ ಬೇಡ. ಪುಕ್ಕಟೆ ಸಿಗುವ 30 ಮೀಟರಿನ ಉಪಗ್ರಹ ಎತ್ತರದ ನಕ್ಷೆ ಕಣಿವೆ ತಿಳಿಯಲು ಸಾಕು, ಕೇರಿಗೆ ಸಾಲದು. ತೆಂಗಿನ ತಲೆ, ತಾರಸಿ ಎಲ್ಲವನ್ನೂ ನೆಲವೆಂದೇ ಎಣಿಸಿರುತ್ತದೆ.

ಬಾಡಿಗೆಗೆ ಆಟೋ ಲೆವೆಲ್ (ಸಮಮಟ್ಟದಲ್ಲಿ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಂಕಿ ಬರೆದ ಉದ್ದನೆಯ ಅಳತೆಕೋಲು) ಸಿಗುತ್ತದೆ. ತಂದ ಕೂಡಲೇ 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ನಡುವೆ ನಿಂತು ಎರಡರ ಎತ್ತರದ ವ್ಯತ್ಯಾಸ ಓದಿ. ಆಮೇಲೆ ಒಂದು ಗೂಟದ ಪಕ್ಕಕ್ಕೇ ಉಪಕರಣ ಒಯ್ದು ಮತ್ತೆ ಓದಿ. ಐದು ಮಿ.ಮೀ.ಗಿಂತ ಹೆಚ್ಚು ಫರಕು ಬಂದರೆ ವಾಪಸು ಕೊಟ್ಟು ಬೇರೆ ತನ್ನಿ. ಅಳೆಯುವಾಗ ಹಿಂದಿನ, ಮುಂದಿನ ಸ್ಟಾಫಿಗೆ ದೂರ ಸರಿಸಮ ಇಡಬೇಕು, ಮೂವತ್ತು ಮೀಟರ್ ಸಾಕು. ಹೊರಟಲ್ಲಿಗೇ ಬಂದು ಲೆಕ್ಕ ಮುಗಿಸಬೇಕು. ಕಿ.ಮೀ.ಗಳ ವರ್ಗಮೂಲಕ್ಕೆ 24 ಮಿ.ಮೀ. ಗುಣಿಸಿದಷ್ಟು ತಪ್ಪು ನಮ್ಮ ಕೆಲಸಕ್ಕೆ ಒಪ್ಪಿತ: ನಾಲ್ಕು ಕಿ.ಮೀ. ಸುತ್ತಿದರೆ 48. ಅದಕ್ಕಿಂತ ಮೀರಿದರೆ ಸ್ಟಾಫ್ ಹಿಡಿದವರು ವಾಲಿಸಿದ್ದಾರೆ ಅಥವಾ ಚರಂಡಿಯ ಅಲುಗಾಡುವ ಚಪ್ಪಡಿ ಮೇಲೆ ನಿಲ್ಲಿಸಿದ್ದಾರೆ.

ಲೆವೆಲ್ ಸಿಗದ ಸಂದಿಗೊಂದಿಯಲ್ಲಿ ಗಾರೆಯವರ ಟ್ಯೂಬ್ ಸಾಕು: 10 ಮಿ.ಮೀ. ಪಾರದರ್ಶಕ ಪೈಪು, ಹದಿನೈದು ಮೀಟರ್. ಬಕೆಟಿನಿಂದ ಎಳೆದು ನಿಧಾನಕ್ಕೆ ತುಂಬಿಸಿ. ಒಳಗೆ ಒಂದು ಗುಳ್ಳೆ ಉಳಿದರೂ ಓದು ಸುಳ್ಳು. ಅರ್ಧ ಪೈಪು ಬಿಸಿಲಿಗೆ ಬಿದ್ದರೂ ಅಷ್ಟೇ, ಬಿಸಿಯಾದ ಕಡೆ ನೀರು ಮೇಲೆ ನಿಲ್ಲುತ್ತದೆ. ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು.

ನೆರೆಯ ಗುರುತು ಹುಡುಕುವುದು ಬೇರೆಯೇ ಕಸುಬು. ಗೋಡೆಯ ಮೇಲೆ ಕಾಣುವ ಬಿಳಿ ಉಪ್ಪಿನ ಅಂಚು ನೀರು ನಿಂತ ಗೆರೆಯಲ್ಲ. ಇಟ್ಟಿಗೆ ಹೀರಿ ಮೇಲೇರಿಸಿದ ತೇವದ್ದು, ನಿಜವಾದ ಗೆರೆಗಿಂತ ಒಂದೆರಡು ಅಡಿಯೂ ಮೇಲಿರಬಹುದು. ಬೇಕಾದದ್ದು ಸಣ್ಣ ಕೆಂಪು ಮಣ್ಣಿನ ಅಡ್ಡಗೆರೆ. ಬೀದಿ ಕಡೆಯ ಗೋಡೆಯಲ್ಲಿ ವಾಹನದ ಅಲೆ ಗೆರೆಯನ್ನು ಎತ್ತರಿಸಿರುತ್ತದೆ. ಹಾಗಾಗಿ ಒಳಮನೆ, ಕಪಾಟಿನ ಹಿಂಬದಿ, ಬಾಗಿಲ ಚೌಕಟ್ಟಿನ ಮೇಲೆ ಹುಡುಕಿ. ಅಕ್ಕಪಕ್ಕದ ಮೂರು ಮನೆಯ ಗೆರೆ ಮಟ್ಟ ಹಾಕಿದಾಗ ಐದಾರು ಸೆಂ.ಮೀ. ಒಳಗೆ ಕೂಡಿಬಂದರೆ ಮಾತ್ರ ಬರೆದುಕೊಂಡೆವು. ‘ಸೊಂಟದವರೆಗೆ ಬಂದಿತ್ತು’ ಎಂಬ ಮಾತಿಗೆ ಬಾಗಿಲಲ್ಲಿ ನಿಲ್ಲಿಸಿ ಕೈಯಿಟ್ಟು ತೋರಿಸಲು ಹೇಳಬೇಕು. ಸೊಂಟಗಳು ಒಂದೇ ಎತ್ತರದಲ್ಲಿರುವುದಿಲ್ಲ.

ಹೊಳೆಯ ಮಟ್ಟಕ್ಕೆ ಊರಿಗೆಲ್ಲ ಗೊತ್ತಿರುವ ಗುರುತು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ. ಮಂಟಪ ಮುಳುಗಿತು ಎಂದರೆ ಸುದ್ದಿ. ಆದರೆ ಅದು ಒಂದೇ ಗೆರೆ, ಮುಳುಗಿದ ಮೇಲೆ ಏನನ್ನೂ ಹೇಳುವುದಿಲ್ಲ. ನಮಗೆ ಅದಕ್ಕಿಂತ ಮೇಲಿನದು ಬೇಕಿತ್ತು. ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲುಗಳನ್ನೇ ಅಳತೆಗೋಲು ಮಾಡಿಕೊಂಡೆವು. ಬೇಸಿಗೆಯಲ್ಲಿ ಒಂದೊಂದಕ್ಕೂ ಮಟ್ಟ ತೆಗೆದಿಟ್ಟರೆ, ಮಳೆಗಾಲದಲ್ಲಿ ಮೇಲಿನಿಂದ ಎಷ್ಟು ಮೆಟ್ಟಿಲು ಕಾಣುತ್ತವೆ ಎಂದು ಎಣಿಸಿದರೆ ಸಾಕು, ನೀರಿನ ಹತ್ತಿರ ಹೋಗುವ ಹಂಗಿಲ್ಲ.

ಈಗ ನಿಜವಾದ ವಿಷಯ. ಕುಂಬಾರಗುಂಡಿ, ಸೀಗೆಹಟ್ಟಿ, ಆಚೆ ದಂಡೆಯ ವಿದ್ಯಾನಗರದಂಥ ತಗ್ಗಿನ ಕೇರಿಗಳಿಗೆ ನೀರು ಬರಲು ಹೊಳೆ ದಂಡೆ ಹತ್ತಿಯೇ ಬರಬೇಕೆಂದಿಲ್ಲ. ಚರಂಡಿಯ ಬಾಯಿ ಹೊಳೆಯಲ್ಲಿ ಮುಳುಗಿದ ಗಳಿಗೆಯಿಂದ ಅದೇ ಚರಂಡಿ ಹೊಳೆಯನ್ನು ಒಳಗೆ ತರುತ್ತದೆ. ದಂಡೆಗೆ ಎಷ್ಟೇ ಗಟ್ಟಿ ಗೋಡೆ ಕಟ್ಟಿ, ತೂತು ಉಳಿದಿದ್ದರೆ ವ್ಯರ್ಥ. ಹಾಗಾಗಿ ಪ್ರತಿ ಚರಂಡಿಗೆ ಎರಡು ಮಟ್ಟ ಬೇಕು: ಹೊಳೆಗೆ ಬೀಳುವ ಬಾಯಿಯ ತಳ, ಮತ್ತು ಅದೇ ಸಾಲಿನಲ್ಲಿ ಅತಿ ತಗ್ಗಿನ ಹೊಸ್ತಿಲು. ಹೂಳು ಕೆರೆದು ಕಾಂಕ್ರೀಟಿನ ಮೇಲೇ ಸ್ಟಾಫ್ ನಿಲ್ಲಿಸಿ, ಇಲ್ಲದಿದ್ದರೆ ಒಂದಡಿ ಸುಳ್ಳು ಲೆಕ್ಕ. ಹೊಳೆ ಆ ಹೊಸ್ತಿಲಿನ ಮಟ್ಟಕ್ಕೆ ಬಂದಾಗ ದಂಡೆಯಲ್ಲಿ ನಿಂತವರಿಗೆ ‘ಇನ್ನೂ ನಾಲ್ಕಡಿ ಇದೆ’ ಎಂದು ಕಾಣಬಹುದು.

ಬಾಯಿಗೆ ಒಂದೇ ಕಡೆ ತೆರೆಯುವ ಕವಾಟ ಹಾಕಿಸಿ ಎನ್ನುವುದು ಸುಲಭದ ಸಲಹೆ. ಪ್ಲಾಸ್ಟಿಕ್ ಚೀಲ, ತೆಂಗಿನ ಸಿಪ್ಪೆ ಸಿಕ್ಕಿಕೊಂಡು ಅರ್ಧ ತೆರೆದೇ ನಿಂತರೆ ಇದ್ದೂ ಇಲ್ಲದಂತೆ. ಸರಿಯಾಗಿ ಮುಚ್ಚಿತೋ, ಊರಿನ ಮಳೆ ಒಳಗೇ ಉಳಿಯುತ್ತದೆ. ಒಂದು ಹೆಕ್ಟೇರಿಗೆ ಗಂಟೆಗೆ 50 ಮಿ.ಮೀ. ಮಳೆ ಅಂದರೆ 500 ಘನ ಮೀಟರ್ ನೀರು. ಐದು ಎಚ್‌ಪಿ ಪಂಪು ಕಡಿಮೆ ಎತ್ತರಕ್ಕೆ ಗಂಟೆಗೆ ನೂರು ಘನ ಮೀಟರಿನ ಆಸುಪಾಸು ಎತ್ತುತ್ತದೆ. ಡೀಸೆಲ್ ಪಂಪಿನ ಏರ್ಪಾಡಿಲ್ಲದ ಕವಾಟ ಅರ್ಧ ಕೆಲಸ. ನೆರೆಯ ದಿನ ಕರೆಂಟು ಇರುವುದಿಲ್ಲ.

ಕೊನೆಗೆ ಪಟ್ಟಿ: ಎಡಗಡೆ ಗಾಜನೂರಿನ ಹೊರಹರಿವು, ಬಲಗಡೆ ಎರಡು ಗಂಟೆ ಬಿಟ್ಟು ಎಣಿಸಿದ ಮೆಟ್ಟಿಲು. ಹೊರಹರಿವು ಮೂರ್ನಾಲ್ಕು ಗಂಟೆ ಒಂದೇ ಸಮ ಇದ್ದಾಗ ಬರೆದದ್ದನ್ನು ಮಾತ್ರ ಇಟ್ಟುಕೊಳ್ಳಿ. ಬೆಳಿಗ್ಗೆಯ ಅಂಕಿ ಮಧ್ಯಾಹ್ನ ಮೊಬೈಲಿಗೆ ಬಂದಿರುತ್ತದೆ, ಗಂಟೆ ನೋಡದೆ ಸೇರಿಸಬೇಡಿ. ಏರುವ ಹೊಳೆ ಮತ್ತು ಇಳಿಯುವ ಹೊಳೆಗೆ ಬೇರೆ ಬೇರೆ ಬಣ್ಣ: ಅಷ್ಟೇ ಕ್ಯೂಸೆಕ್ ಇದ್ದರೂ ಇಳಿಯುವಾಗ ನೀರು ತುಸು ಮೇಲೆ ನಿಲ್ಲುತ್ತದೆ. ಪಟ್ಟಿಯಿಂದ ಕೇರಿಯಲ್ಲಿ ಎರಡು ಗೆರೆ ಸಾಕು. ಮೊದಲನೆಯದು ವಾಹನ, ಅಕ್ಕಿ, ಗ್ಯಾಸ್ ಸಿಲಿಂಡರ್ ಸಾಗಿಸಬೇಕಾದ ಹೊತ್ತು. ಎರಡನೆಯದು ಮೇನ್ ಸ್ವಿಚ್ ಆರಿಸಿ ಹೊರಡುವ ಹೊತ್ತು. ಬಣ್ಣದಲ್ಲಿ ಎಳೆದ ಗೆರೆ ಎರಡೇ ಮಳೆಗಾಲಕ್ಕೆ ಅಳಿಸಿ ಹೋಗುತ್ತದೆ, ಕಲ್ಲಿನ ಕಂಬದಲ್ಲಿ ಉಳಿಯಿಂದ ಕೊರೆಸಿ.